ಹಟ್ಟನ್ ಬೆಟ್ಟದಲ್ಲಿ ಬಾಗಿಲಿಂದ ಬಾಗಿಲಿಗೆ

ಹೊರಡುವ ಮುಂಚೆ, ಹೊಂಗಡಹಳ್ಳ

ಶ್ರೀಲಂಕಾಕ್ಕೆ ಹೊರಡಲು ಇನ್ನೇನು ವಾರವಿದೆ ಎನ್ನುವಾಗ ಸಾವಿತ್ರಕ್ಕ ಒಂದು ಮಾತು ಹೇಳಿ ನನ್ನ ನಿದ್ದೆ ಕೆಡಿಸಿದರು.

"ಈ ಸಲದ ಕಾಫಿ ಸಾಗಿಸಿದ್ ಮ್ಯಾಲೆ ಸ್ಟೋರ್‌ನ ನಮ್ ತಮ್ಮನ್ ಮಗನಿಗೆ ಕೊಟ್ಬುಡ್ತೀನಿ ಕಣೇ ಪ್ರಭಾ. ಹೋಂಸ್ಟೇಗೆ ಗುಂಪಾಗಿ ಬರೋರಿಗೆ ಅಂತ ಸಾಲಾಗಿ ಮಂಚ ಹಾಕಿಸ್ತಾನಂತೆ."

ನಾನು ಆಗ ಪ್ರಯಾಣಕ್ಕೆಂದು ಅವರಿಗೊಂದು ಬ್ಲೌಸ್ ಹೊಲಿಯಲು ಅಳತೆ ತೆಗೆಯುತ್ತಿದ್ದೆ. ಟೇಪು ಅವರ ಹೆಗಲ ಮೇಲೇ ಉಳಿಯಿತು.

"ಮತ್ತೆ ನಮ್ಮ ಕೂಟ?"

"ಅದನ್ನ ಬಂದ್ ಮ್ಯಾಲೆ ಮಾತಾಡಾಣ. ನೀನು ತೋಳು ನೋಡು, ಹೋದ್ ಸಲ ಬಿಗಿ ಆಗಿತ್ತು."

ನಾನು ಆಲೂರಿನಲ್ಲಿ ಟೈಲರ್. ಬ್ಲೌಸು, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಬಿಡುವು ಮಾಡಿಕೊಂಡು ನಾಟಕ ಬರೆದು ಆಡಿಸುತ್ತೇನೆ. ಸಾವಿತ್ರಕ್ಕ ಹೊಂಗಡಹಳ್ಳದ ಕಾಫಿ ಬೆಳೆಗಾರರು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಒಣಗಿದ ಕಾಫಿಯನ್ನು ಮೂಟೆ ಕಟ್ಟಿ ಪೇರಿಸಿಡುವ ಉದ್ದನೆಯ ಕಟ್ಟಡಕ್ಕೆ ನಮ್ಮ ಕಡೆ ಸ್ಟೋರ್ ಎನ್ನುತ್ತೇವೆ. ಮೂಟೆಗಳು ಹೋದ ಮೇಲೆ ಅದು ಮುಂದಿನ ಕೊಯ್ಲಿನ ತನಕ ಖಾಲಿ. ಆ ಖಾಲಿ ತಿಂಗಳುಗಳಲ್ಲಿ ಅಲ್ಲಿ ನಮ್ಮ ಕೂಟ ಸೇರುತ್ತಿತ್ತು. ಒಂದು ಶನಿವಾರ ನಾಟಕ, ಒಂದು ಶನಿವಾರ ಹಾಡು, ಮತ್ತೊಮ್ಮೆ ದೋಣಿಗಲ್ಲಿನ ಗ್ಯಾರೇಜಿನವನೊಬ್ಬ ಹಳೇ ಬಿಡಿಭಾಗಗಳಿಂದ ಮಾಡಿದ ಹಕ್ಕಿಗಳ ಪ್ರದರ್ಶನ. ನಾಲ್ಕು ವರ್ಷದಿಂದ ಹೀಗೆ ನಡೆದಿತ್ತು. ಇತ್ತೀಚೆಗೆ ಊರಿನವರಿಗಿಂತ ಹೋಂಸ್ಟೇಗೆ ಬಂದವರೇ ಹೆಚ್ಚಾಗಿದ್ದರು ಎನ್ನುವುದು ನಿಜ. ಆದರೂ ನಡೆದಿತ್ತು.

ಜಾಗ ಹೋದರೆ ಜನ ಹೋಗುತ್ತಾರೆ ಎನ್ನುವುದು ನನ್ನ ಭಯ. ನಮ್ಮೂರು ಪಾಳ್ಯದಲ್ಲಿ ನಮ್ಮಪ್ಪ ಪಾರ್ಟು ಮಾಡುತ್ತಿದ್ದ ನಾಟಕ ತಂಡ ತಾಲೀಮು ನಡೆಸುತ್ತಿದ್ದದ್ದು ಅಕ್ಕಿ ಗಿರಣಿಯಲ್ಲಿ. ಗಿರಣಿ ಮಾರಾಟವಾದ ವರ್ಷವೇ ತಂಡ ಮುಗಿಯಿತು. ಯಾರೂ ಜಗಳವಾಡಲಿಲ್ಲ, ಯಾರೂ ನಿಲ್ಲಿಸೋಣ ಎನ್ನಲಿಲ್ಲ. ಸುಮ್ಮನೆ ಸೇರುವುದು ಬಿಟ್ಟರು.

ಹಟ್ಟನ್ ಹತ್ತಿರದ ಟೀ ಎಸ್ಟೇಟೊಂದರಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವ ಸೆಲ್ವಿ ಎಂಬವಳು ನಮ್ಮನ್ನು ಕರೆದಿದ್ದಳು. ಮೈಸೂರಿನಲ್ಲಿ ಹೆಂಗಸರಿಗಾಗಿ ನಡೆದ ನಾಟಕ ಶಿಬಿರದಲ್ಲಿ ಸಿಕ್ಕಿದ ಗೆಳತಿ. ವರ್ಷಕ್ಕೊಮ್ಮೆ ಅವಳೂ ತನ್ನ ಬೆಟ್ಟದ ಜನರನ್ನು ಕೂಡಿಸಿ ಆಟ, ಹಾಡು ನಡೆಸುತ್ತಾಳೆ. ನನಗೆ ತಮಿಳು ಬರದು. ಸಾವಿತ್ರಕ್ಕನಿಗೆ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ ಕಲಿತ ತಮಿಳು ಉಂಟು. ಹಾಗಾಗಿ ಇಬ್ಬರೂ ಹೊರಟೆವು. ಅಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಸಾವಿತ್ರಕ್ಕನ ಮುಂದೆ ವಾದಕ್ಕಿಡಬೇಕು, ಸ್ಟೋರ್ ಉಳಿಸಿಕೊಳ್ಳಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ನಾನು ವಿಮಾನ ಹತ್ತಿದೆ. ಕಿಟಕಿ ಪಕ್ಕ ಕೂತೂ ಸಮುದ್ರ ನೋಡಿದ ನೆನಪಿಲ್ಲ.

ಕೊಲಂಬೊ, ಸ್ಟೇಷನ್ ಎದುರಿನ ಹೋಟೆಲು

ರೈಲಿಗೆ ಇನ್ನೂ ಹೊತ್ತಿತ್ತು. ಎದುರಿನ ಹೋಟೆಲಿನಲ್ಲಿ ಕೂತು ಟೀ ಎಂದೆವು. ಹುಡುಗ ಟೀ ತರುವ ಮೊದಲೇ ಒಂದು ದೊಡ್ಡ ತಟ್ಟೆ ತಂದಿಟ್ಟ. ಸುರುಳಿ ಮಾಡಿದ್ದು, ಮೂರು ಮೂಲೆಯದು, ಉಂಡೆಯಂಥದ್ದು, ರಾಶಿ ತಿಂಡಿ.

"ನಾವು ಕೇಳ್ಲೇ ಇಲ್ಲವಲ್ಲ" ಎಂದೆ.

"ಮನೆಗ್ ಬಂದೋರಿಗೆ ಕೊಟ್ಟಂಗೆ ಕೊಟ್ಟವ್ರೆ, ತಿನ್ನು. ಬಿಟ್ರೆ ಬೇಜಾರ್ ಮಾಡ್ಕತ್ತಾರೆ."

ನಾನು ಒಂದು ಸುರುಳಿ ಮುರಿದೆ. ಒಳಗೆ ಮೀನು. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವವರಿಲ್ಲ. ಮತ್ತೊಂದು ಮುರಿದೆ, ಅದರಲ್ಲೂ ಮೀನು. ಮುರಿದದ್ದನ್ನೆಲ್ಲ ಸಾವಿತ್ರಕ್ಕನ ಕಡೆ ತಳ್ಳಿದೆ. ಅವರು ಮರ್ಯಾದೆಯ ಪ್ರಶ್ನೆಯೆಂದು ಇಡೀ ತಟ್ಟೆಯನ್ನು ಮುಗಿಸಿದರು. ಕೊನೆಯ ಉಂಡೆಯ ಹೊತ್ತಿಗೆ ಅವರ ಕಣ್ಣಲ್ಲಿ ನೀರಿತ್ತು. ಹುಡುಗ ಖಾಲಿ ತಟ್ಟೆ ನೋಡಿ ಬೆರಗಾಗಿ ಇನ್ನೊಂದು ತಟ್ಟೆ ತಂದಿಟ್ಟ!

ಪಕ್ಕದ ಮೇಜಿನವರನ್ನು ನೋಡಿದ ಮೇಲೆ ಗೊತ್ತಾಯಿತು. ಅಲ್ಲಿ ಎಲ್ಲವನ್ನೂ ತಂದಿಡುತ್ತಾರೆ, ಬೇಕಾದದ್ದನ್ನು ತಿಂದರೆ ಸಾಕು. ಉಳಿದದ್ದು ಒಳಗೆ ಹೋಗುತ್ತದೆ, ಯಾರಿಗೂ ಬೇಜಾರಿಲ್ಲ. ಸಾವಿತ್ರಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು, "ಬ್ಯಾಡ ಅನ್ನೋಕೂ ಬರಬೇಕು ಕಣೇ ಮನ್ಸನ್ಗೆ" ಎಂದರು. ಅದನ್ನು ನಾನು ಸ್ಟೋರಿಗೆ ಅನ್ವಯಿಸಿಕೊಂಡು ರೈಲು ಬರುವ ತನಕ ಮುಖ ಊದಿಸಿಕೊಂಡಿದ್ದೆ.

ರೈಲು

ಬೆಟ್ಟ ಹತ್ತುವ ಆ ರೈಲಿನ ಬಗ್ಗೆ ಓದಿದವರಿಗೆಲ್ಲ ಗೊತ್ತು. ನಮಗೆ ದೋಣಿಗಲ್ಲಿನಿಂದ ಕೆಳಗೆ ಇಳಿಯುವ ರೈಲಿನ ಅಭ್ಯಾಸವಿರುವುದರಿಂದ ಸುರಂಗ ಬಂದಾಗಲೆಲ್ಲ ಕೂಗುವ ಉತ್ಸಾಹ ಬರಲಿಲ್ಲ. ನಾನು ನೋಡಿದ್ದು ಬಾಗಿಲುಗಳನ್ನು. ಪ್ರತಿ ಬಾಗಿಲಲ್ಲೂ ಒಬ್ಬರು ಹೊರಗೆ ಕಾಲು ಇಳಿಬಿಟ್ಟು ಕೂತಿರುತ್ತಾರೆ, ಒಳಗಿರುವವರು ಅವರ ಬ್ಯಾಗು ನೋಡಿಕೊಳ್ಳುತ್ತಾರೆ. ದಾರಿಯ ಮನೆಗಳವರು ಕೈ ಬೀಸಿದರೆ ರೈಲಿನವರು ಬೀಸಲೇಬೇಕು. ನಮ್ಮ ಎದುರು ಕೂತಿದ್ದ ಅಜ್ಜಿ ನಿದ್ದೆಗಣ್ಣಲ್ಲೂ ಕೈ ಬೀಸುತ್ತಿದ್ದಳು.

ಸಾವಿತ್ರಕ್ಕನಿಗೆ ಕಾಫಿ ಹೂವಿನ ಚಿಂತೆ. ಮೊದಲ ಮಳೆ ಸರಿಯಾಗಿ ಬಿದ್ದರೆ ಹೂ ಅರಳುತ್ತದೆ, ಅರೆಬರೆ ಬಿದ್ದರೆ ವರ್ಷದ ಬೆಳೆಯೇ ಹೋಗುತ್ತದೆ. ಸಿಗ್ನಲ್ ಸಿಕ್ಕಿದ ಕಡೆಯೆಲ್ಲ ತೋಟದ ಗುಮಾಸ್ತನಿಗೆ, ಅಂದರೆ ನಮ್ಮ ಮಾತಿನಲ್ಲಿ ರೈಟರ್ ಮಂಜಣ್ಣನಿಗೆ ಫೋನು.

"ಮೋಡ ಐತಾ? ಯಾವ್ ಕಡೆ? ಬಿಸ್ಲೆ ಕಡೆ ಕಪ್ಪಗೈತಾ? ನೀನು ಹೊರಗ್ ಬಂದು ನೋಡಿ ಹೇಳು ಮಾರಾಯ, ಒಳಗ್ ಕೂತ್ಕಂಡು ಹೇಳ್ಬ್ಯಾಡ."

ಅವರ ಮನಸ್ಸು ತೋಟದಲ್ಲಿ, ನನ್ನದು ಸ್ಟೋರಿನಲ್ಲಿ. ಇಬ್ಬರೂ ಟಿಕೆಟ್ ಕೊಂಡು ಬೇರೆ ಬೇರೆ ಕಡೆ ಅಲೆಯುತ್ತಿದ್ದೆವು.

ಲಯಂ

ನಮ್ಮ ಲೈನಿಗೆ ಅಲ್ಲಿ ಲಯಂ ಎನ್ನುತ್ತಾರೆ. ಒಂದೇ ಸೂರಿನ ಕೆಳಗೆ ಸಾಲಾಗಿ ಒಂದೊಂದು ಕೋಣೆ, ಮುಂದೆ ಒಂದೇ ಉದ್ದನೆಯ ಜಗಲಿ. ಸುತ್ತ ಬೆಟ್ಟವನ್ನು ಬಾಚಣಿಗೆಯಿಂದ ಬಾಚಿದ ಹಾಗೆ ಟೀ ಗಿಡ. ನಮ್ಮ ಕಾಫಿ ತೋಟದಲ್ಲಿ ಮರದ ನೆರಳಿರುತ್ತದೆ, ಪಕ್ಕದಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆಂದು ಕೂಗಿದರೇ ಗೊತ್ತಾಗುವುದು. ಅಲ್ಲಿ ಯಾರೂ ಅಡಗಿ ಕೂರುವ ಹಾಗಿಲ್ಲ. ಬೆಟ್ಟದ ಈ ಕಡೆ ನಿಂತರೆ ಆ ಕಡೆ ಎಲೆ ಕೀಳುವ ಪ್ರತಿ ಹೆಂಗಸೂ ಕಾಣುತ್ತಾಳೆ. "ನನ್ಗೆ ಇಲ್ಲಿ ಉಸ್ರು ಕಟ್ತೈತೆ" ಎಂದರು ಸಾವಿತ್ರಕ್ಕ.

ಸೆಲ್ವಿ ಸಣ್ಣ ಆಳು, ದೊಡ್ಡ ನಗು. ನಮ್ಮನ್ನು ಜಗಲಿಯಲ್ಲಿ ಕೂರಿಸಿ, ಹಾಲಿಲ್ಲದ ಟೀ ಜೊತೆ ಕಚ್ಚಿಕೊಳ್ಳಲು ಬೆಲ್ಲದ ಚೂರು ಕೊಟ್ಟಳು. ಸಾವಿತ್ರಕ್ಕ ತಮ್ಮ ತೋಟದ ಕಾಫಿ ಪುಡಿ ತೆಗೆದುಕೊಟ್ಟರು. ಅವಳು ಭಕ್ತಿಯಿಂದ ಮೂಸಿ, ಶುಂಠಿ ಕೊತ್ತಂಬರಿ ಬೀಜ ಹಾಕಿ ಕುದಿಸಿ ತಂದಳು. ಅಲ್ಲಿ ಕಾಫಿಯೆಂದರೆ ಶೀತಕ್ಕೆ ಕುಡಿಯುವ ಕಷಾಯವಂತೆ. ಸಾವಿತ್ರಕ್ಕ ಕಣ್ಣು ಮುಚ್ಚಿ ಕುಡಿದರು.

ಆಮೇಲೆ ಸೆಲ್ವಿ ನಾಳಿನ ಕಾರ್ಯಕ್ರಮ ವಿವರಿಸತೊಡಗಿದಳು. ಸಾವಿತ್ರಕ್ಕ ನನಗೆ ಹೇಳುತ್ತಾ ಹೋದರು.

"ಮೊದ್ಲು ತಪ್ಪಿನಿಂದ ಶುರು ಅಂತವ್ಳೆ."

"ತಪ್ಪಿನಿಂದ?"

"ಹೂಂ. ತಪ್ಪು ಮಾಡೋಕೆ ಮುತ್ತಯ್ಯ ಅಂತ ಒಬ್ರು ಹಿರೇರು ಅವ್ರಂತೆ. ಅವ್ರಷ್ಟು ಚೆನ್ನಾಗಿ ಯಾರೂ ಮಾಡಲ್ವಂತೆ."

ಮುತ್ತಯ್ಯನವರೇ ಹೆಗಲಿಗೆ ತಮಟೆ ನೇತುಹಾಕಿಕೊಂಡು ಬಂದಾಗ ಅರ್ಥವಾಯಿತು. ತಮಟೆಗೆ ಅಲ್ಲಿ ತಪ್ಪು ಎನ್ನುತ್ತಾರೆ. ನಾವು ಯಾಕೆ ಅಷ್ಟು ನಗುತ್ತಿದ್ದೇವೆಂದು ತಿಳಿಯದೆ, ಆ ಹಿರಿಯರು ತಮಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

ಆದರೆ ಅವರು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಕಾಮದಹನದ ಕಥೆಯನ್ನು ಆ ಬೆಟ್ಟದವರು ಕಾಮನ್ ಕೂತ್ತು ಎಂದು ಆಡುತ್ತಾರೆ. ಅದರಲ್ಲಿ ರತಿಯ ವೇಷವನ್ನು ಅಲ್ಲಿ ಗಂಡಸರೇ ಹಾಕುತ್ತಾ ಬಂದಿದ್ದರು. ಈ ಸಲ ತಾನು ಹಾಕುತ್ತೇನೆಂದು ಸೆಲ್ವಿ ಹಟ ಹಿಡಿದಿದ್ದಳು. ಹಾಗಾದರೆ ತಾವು ಬಾರಿಸುವುದಿಲ್ಲವೆಂದು ಹೇಳಲು ಮುತ್ತಯ್ಯ ಬಂದಿದ್ದರು. ಇಬ್ಬರೂ ನಮ್ಮ ಮುಂದೆಯೇ ಜಗಳಕ್ಕೆ ಬಿದ್ದರು. ಸಾವಿತ್ರಕ್ಕ ನನಗೆ ಹೇಳುವುದನ್ನೇ ಮರೆತು ಅವರ ಬಾಯನ್ನೇ ನೋಡುತ್ತಾ ಕೂತರು.

ಎಲೆ ಬಾಡಿಸುವ ಮಹಡಿ

ಮರುದಿನ ಬೆಳಿಗ್ಗೆ ಸೆಲ್ವಿ ನಮ್ಮನ್ನು ಹಳೇ ಟೀ ಫ್ಯಾಕ್ಟರಿಗೆ ಕರೆದುಕೊಂಡು ಹೋದಳು. ಮೇಲಿನ ಮಹಡಿಯಲ್ಲಿ ಹಿಂದೆ ಎಲೆ ಹರಡಿ ಬಾಡಿಸುತ್ತಿದ್ದರಂತೆ. ಈಗ ಖಾಲಿ, ವರ್ಷದ ಆಟ ನಡೆಯುವುದು ಅಲ್ಲೇ. ಮರದ ನೆಲ, ಉದ್ದಕ್ಕೂ ಕಿಟಕಿ, ಗೋಡೆಯಲ್ಲಿ ಇನ್ನೂ ಉಳಿದ ಹಸಿ ಎಲೆಯ ವಾಸನೆ. ಒಂದು ತುದಿಯಲ್ಲಿ ನಿಂತು ನಾನು ಮೆಲ್ಲಗೆ ಒಂದು ಮಾತು ಆಡಿದೆ. ಇನ್ನೊಂದು ತುದಿಯಲ್ಲಿದ್ದ ಸೆಲ್ವಿ ತಿರುಗಿ ನೋಡಿದಳು.

"ನೋಡಿ ಸಾವಿತ್ರಕ್ಕ, ಇವರಿಗೆ ಇಂಥ ಜಾಗ ಇರೋದಕ್ಕೇ ಇಷ್ಟು ವರ್ಷ ನಡೆದಿದೆ. ಇದನ್ನ ಕಿತ್ಕೊಂಡು ಮಂಚ ಹಾಕಿದ್ರೆ ಏನಾಗ್ತಿತ್ತು ಹೇಳಿ?"

ಅವರು ಕಾಲಿನಿಂದ ಹಲಗೆ ಒತ್ತಿ ನೋಡಿ, "ಗೆದ್ದಲು ಹಿಡ್ದೈತೆ" ಎಂದರು.

ನಾನು ಗೆದ್ದೆನೆಂದುಕೊಂಡೆ. ಸೆಲ್ವಿಯ ಜೊತೆ ಸೇರಿ ಕಸ ಗುಡಿಸಿದೆ, ಪರದೆಗೆ ದಾರ ಕಟ್ಟಿದೆ. ಮಧ್ಯಾಹ್ನ ಎಸ್ಟೇಟ್ ಆಫೀಸಿನಿಂದ ಒಬ್ಬ ಬಂದ. ಮಹಡಿ ಕೊಡುವುದಿಲ್ಲ ಎಂದ. ನಾಳೆ ಯಾರೋ ಕಟ್ಟಡ ನೋಡಲು ಬರುತ್ತಿದ್ದಾರಂತೆ, ಅದನ್ನು ಹೋಟೆಲು ಮಾಡುವ ಮಾತುಕತೆಯಂತೆ. ಬೀಗ ಹಾಕಿಕೊಂಡು ಹೋದ. ಪರದೆ ಒಳಗೇ ಉಳಿಯಿತು.

ಸೆಲ್ವಿ ಮೆಟ್ಟಿಲ ಮೇಲೆ ಕೂತಳು. ಬೇರೆ ಎಸ್ಟೇಟುಗಳಿಂದ ಜನ ಆಗಲೇ ಲಾರಿ ಹತ್ತಿದ್ದರು. ಮೋಡ ಕಟ್ಟಿತ್ತು. ಮುತ್ತಯ್ಯ ಬಂದು, ನಿಲ್ಲಿಸೋಣ, ಮುಂದಿನ ವರ್ಷ ನೋಡೋಣ ಎಂದರು. ನನಗೆ ನಮ್ಮಪ್ಪನ ಗಿರಣಿ ಕಣ್ಣ ಮುಂದೆ ಬಂತು. ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಸಾವಿತ್ರಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ.

ಸೆಲ್ವಿ ಎದ್ದು ಲಯಂಗೆ ಹೋದಳು. ಮೊದಲ ಬಾಗಿಲು ತಟ್ಟಿ ಏನೋ ಕೇಳಿದಳು. ಆ ಮನೆಯಾಕೆ ಒಳಗೆ ತಿರುಗಿ ನೋಡಿ, ಬಟ್ಟೆ ಒಣಹಾಕಿದ್ದ ಹಗ್ಗ ಬಿಚ್ಚಿದಳು. ಎರಡನೆಯ ಬಾಗಿಲು. ಮೂರನೆಯ ಮನೆಯವರು ಆಗುವುದಿಲ್ಲ, ಮಗುವಿಗೆ ಜ್ವರ ಎಂದರು. ನಾಲ್ಕನೆಯ ಮನೆಯ ಹೆಂಗಸು ನೆಲಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಲು ಕೂತಳು.

ಮಳೆ

ಸಂಜೆಗೆ ಮುಂಚೆಯೇ ಮಳೆ ಇಳಿಯಿತು. ಕರೆಂಟು ಹೋಯಿತು. ಸುತ್ತಲ ಎಸ್ಟೇಟುಗಳ ಜನ ಛತ್ರಿ, ಗೋಣಿಚೀಲ, ಪ್ಲಾಸ್ಟಿಕ್ ಹಾಳೆ ಹೊದ್ದು ಬಂದರು. ಜಗಲಿಯೇ ರಂಗ. ಒಂದು ಬಾಗಿಲ ಮುಂದೆ ಆಟ ಮುಗಿದರೆ ಜನ ಪಕ್ಕದ ಬಾಗಿಲಿಗೆ ಸರಿಯುವುದು. ಹಿಂದಿದ್ದವರು ಮುಂದಾಗುವುದು, ಮುಂದಿದ್ದವರು ಹಿಂದಾಗುವುದು. ಯಾರಿಗೂ ಒಳ್ಳೆಯ ಜಾಗ ಗಟ್ಟಿಯಾಗಿ ಸಿಗಲಿಲ್ಲ.

ನನಗೆ ಎರಡನೆಯ ಬಾಗಿಲು. ಬ್ಲೌಸ್ ಹೊಲಿಸಲು ಬಂದು ಅಳತೆ ಕೊಡಲೊಪ್ಪದ ಹೆಂಗಸಿನ ಬಗ್ಗೆ ನಾನೇ ಬರೆದ ಚಿಕ್ಕ ನಾಟಕ. ಟೈಲರೂ ನಾನೇ, ಹೆಂಗಸೂ ನಾನೇ. ಸ್ಟೋರಿನಲ್ಲಾದರೆ ಹತ್ತು ಹೆಜ್ಜೆ ನಡೆದು ಆಡುತ್ತಿದ್ದೆ. ಅಲ್ಲಿ ಕೈ ಚಾಚಿದರೆ ಕಂಬ. ನನ್ನ ಹಿಂದೆ, ತೆರೆದ ಬಾಗಿಲೊಳಗೆ, ಆ ಮನೆಯಾಕೆ ರೊಟ್ಟಿ ಸುಡುತ್ತಲೇ ಇದ್ದಳು. ಹೊಗೆಗೆ ಕಣ್ಣುರಿ. ಕನ್ನಡ ಒಬ್ಬರಿಗೂ ಬಾರದು. ನಗಬಾರದ ಕಡೆ ನಗುತ್ತಿದ್ದರು. ನನಗೆ ಸಿಟ್ಟು ಬರತೊಡಗಿತು.

ಟೇಪು ಹಿಡಿದು, "ತೋಳು ಎಷ್ಟಿರಲಿ?" ಎಂದು ಟೈಲರಾಗಿ ಕೇಳಿದೆ. ನಾನು ತಿರುಗಿ ಹೆಂಗಸಾಗಿ ಉತ್ತರ ಕೊಡುವ ಮೊದಲೇ, ರೊಟ್ಟಿ ಸುಡುತ್ತಿದ್ದವಳು ಒಳಗಿನಿಂದಲೇ ಹಿಟ್ಟಿನ ಕೈಯೆತ್ತಿ ಮೊಣಕೈ ತೋರಿಸಿದಳು. ಜಗಲಿಗೆ ಜಗಲಿಯೇ ಕೇಕೆ ಹಾಕಿತು. ನಾನು ಅವಳ ಕಡೆ ತಿರುಗಿದೆ. ಅಲ್ಲಿಂದ ಮುಂದೆ ನಾನು ಟೈಲರು ಮಾತ್ರ. ಅವಳು ತಮಿಳಿನಲ್ಲಿ, ನಾನು ಕನ್ನಡದಲ್ಲಿ. ಬರೆದದ್ದರಲ್ಲಿ ಅರ್ಧವೂ ಆಡಲಿಲ್ಲ. ಮುಗಿದಾಗ ಅವಳು ರೊಟ್ಟಿ ಹೊತ್ತಿಹೋಯಿತೆಂದು ನನ್ನನ್ನೇ ಬೈದಳು.

ಕೊನೆಯ ಬಾಗಿಲಲ್ಲಿ ಸೆಲ್ವಿ ರತಿಯಾಗಿ ನಿಂತಳು. ತಮಟೆ ಇರಲಿಲ್ಲ. ಮುತ್ತಯ್ಯ ದೂರದ ಕಂಬಕ್ಕೆ ಒರಗಿ, ತಮಟೆಯನ್ನು ಗೋಣಿಯಲ್ಲಿ ಸುತ್ತಿ ಹಿಡಿದಿದ್ದರು. ಸುಟ್ಟುಹೋದ ಗಂಡನಿಗಾಗಿ ರತಿ ಅಳುವ ಹಾಡು. ನಮ್ಮ ಕಡೆ ಕಾಮನ ಹಬ್ಬವೆಂದರೆ ಸೌದೆ ಸುಟ್ಟು ಬಾಯಿ ಬಡಿದುಕೊಳ್ಳುವುದಷ್ಟೇ ಉಳಿದಿದೆ. ಅಲ್ಲಿ ರತಿ ಒಬ್ಬೊಬ್ಬರ ಮುಂದೆಯೂ ನಿಂತು, ಅವನನ್ನು ಕಂಡಿರಾ ಎಂದು ಕೇಳುತ್ತಾಳೆ. ಎರಡನೆಯ ಚರಣಕ್ಕೆ ಮುತ್ತಯ್ಯನ ಬೆರಳು ಗೋಣಿಯ ಮೇಲೇ ಆಡತೊಡಗಿತು. ಮೂರನೆಯದಕ್ಕೆ ಅವರು ಗೋಣಿ ಬಿಚ್ಚಿದರು. ಮುಖದಲ್ಲಿ ಒಪ್ಪಿಗೆಯ ಸುಳಿವಿರಲಿಲ್ಲ. ಕೈ ಮಾತ್ರ ಬಾರಿಸುತ್ತಿತ್ತು.

ಆಗಲೇ ನಾನು ಸಾವಿತ್ರಕ್ಕನನ್ನು ಹುಡುಕಿದ್ದು. ಆ ಲಯಂನಲ್ಲಿ ಇದ್ದ ಒಂದೇ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಪ್ರತಿ ಬಾಗಿಲಿಗೂ ಕುರ್ಚಿ ಸಮೇತ ಸಾಗಿಸಿದ್ದರು. ಯಾರದೋ ಮಗು ಅವರ ಮಡಿಲಲ್ಲಿ ಮಲಗಿತ್ತು. ಫೋನು ಸೊಂಟದಲ್ಲಿ ಬಡಿದುಕೊಳ್ಳುತ್ತಿದ್ದರೂ ಎತ್ತಲಿಲ್ಲ. ಅವರ ಯಜಮಾನರು ತೀರಿಕೊಂಡಾಗ ನಾನು ಅವರ ಮನೆಯಲ್ಲೇ ಇದ್ದೆ. ಅವತ್ತು ಬಂದವರಿಗೆಲ್ಲ ಕಾಫಿ ಕೊಡಿಸುತ್ತಾ ಓಡಾಡಿದವರು ಈಗ ಅಳುತ್ತಿದ್ದರು, ಕಣ್ಣೊರೆಸಿಕೊಳ್ಳದೆ.

ಮುಗಿದ ಮೇಲೆ ಸೆಲ್ವಿ ಅವರ ಕೈ ಹಿಡಿದು, ಅಕ್ಕ ಒಂದು ಹಾಡು ಹೇಳಲೇಬೇಕು ಎಂದಳು.

"ಇಲ್ಲ ಕಣವ್ವ" ಎಂದು ಸಾವಿತ್ರಕ್ಕ ಮೊದಲು ಕನ್ನಡದಲ್ಲೇ ಹೇಳಿ, ಆಮೇಲೆ ತಮಿಳಿಗೆ ತಿರುಗಿಸಿದರು. "ನಾನು ನೋಡಾಕ್ ಬಂದಿರೋಳು."

ಇಳಿಯುವ ರೈಲು

ವಾಪಸ್ ಬರುವಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ಹೊಂಗಡಹಳ್ಳದಲ್ಲಿ ಹೂ ಮಳೆ ಚೆನ್ನಾಗಿ ಬಿದ್ದಿತ್ತು. ರೈಟರು ಕಳಿಸಿದ ಫೋಟೋದಲ್ಲಿ ಗಿಡಗಳೆಲ್ಲ ಮಿಂದು ನಿಂತಿದ್ದವು. ಸಾವಿತ್ರಕ್ಕ ಅದನ್ನು ನೋಡಿ ಫೋನು ಮಡಿಲಲ್ಲಿಟ್ಟುಕೊಂಡರು.

"ಪ್ರಭಾ, ನಾಕು ವರ್ಸದಲ್ಲಿ ನಾನು ಒಂದು ನಾಟಕನಾರ ಪೂರ್ತಿ ನೋಡಿದ್ದು ನಿನ್ಗೆ ಗ್ಯಾನ ಐತಾ?"

ನೆನಪು ಮಾಡಿಕೊಳ್ಳಲು ನೋಡಿದೆ. ಕಾಫಿ ಕೆಟಲಿನ ಜೊತೆ ಕಂಡರು. ಕಾರುಗಳನ್ನು ಕಣದ ಬದಿಗೆ ನಿಲ್ಲಿಸಲು ಹೇಳುತ್ತಾ ಕಂಡರು. ನಾಯಿ ಒಳಗೆ ಬರದ ಹಾಗೆ ಬಾಗಿಲಲ್ಲಿ ನಿಂತು ಕಂಡರು. ಕೂತದ್ದು ಕಾಣಲಿಲ್ಲ.

"ನನ್ ಸ್ಟೋರ್‌ನಲ್ಲಿ ನಡೀತಿತ್ತು, ನನ್ಗೇ ಕಾಣ್ತಿರ್ಲಿಲ್ಲ. ಬಂದೋರ್ಗೆ ಬಿಸಿನೀರ್ ಬೇಕು, ಬಾತ್‌ರೂಂ ಎಲ್ಲೈತೆ, ಸಕ್ರೆ ಇಲ್ದಿರೋ ಕಾಫಿ ಐತಾ... ಸಾಕಾಗೋಗಿತ್ತು ಕಣೇ."

"ಹೇಳ್ಬೇಕಿತ್ತು ನೀವು."

"ಕೇಳ್ಬೇಕಿತ್ತು ನೀನು."

ಇಬ್ಬರೂ ಕಿಟಕಿಯ ಕಡೆ ತಿರುಗಿದೆವು. ಯಾರೋ ಕೈ ಬೀಸಿದರು. ನಾವು ಬೀಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಅಂದರು, "ಸ್ಟೋರ್ ಕೊಡೋದು ಕೊಡೋದೇಯ. ಮಾತ್ ಕೊಟ್ಟಾಗೈತೆ. ನಾಟಕ ಬ್ಯಾಡ ಅಂತ ನಾನ್ಯಾವಾಗ ಅಂದೆ?"

ಮತ್ತೆ ಹೊಂಗಡಹಳ್ಳ

ಮುಂಗಾರಿಗೆ ಮುಂಚೆ ಸ್ಟೋರಿಗೆ ಮಂಚಗಳು ಬಂದವು. ಅವತ್ತು ನಾನು ಹೋಗಿ ನೋಡಿದೆ. ಆ ಗೋಡೆಗೆ ಮಾತು ತಾಗಿ ಬರುತ್ತಿದ್ದ ರೀತಿ ಇನ್ನೆಲ್ಲೂ ಸಿಗುವುದಿಲ್ಲ. ಅದನ್ನು ಈಗಲೂ ಹೇಳುತ್ತೇನೆ.

ಮುಂದಿನ ಕೂಟಕ್ಕೆ, ಲಯಂನಲ್ಲಿ ಕಂಡ ಹಾಗೆ, ಮೂರು ಮನೆಗಳ ಅಂಗಳ ಕೇಳಿಕೊಂಡೆವು. ಕೂಟದ ದಿನ ಬೆಳಿಗ್ಗೆ ಒಂದು ಮನೆಯವರು ಕೈಕೊಟ್ಟರು, ಅತ್ತೆಗೆ ಇಷ್ಟವಿಲ್ಲವಂತೆ. ಎರಡನೆಯ ಮನೆಯಲ್ಲಿ ಯಾರು ಕುರ್ಚಿಯಲ್ಲಿ ಕೂರಬೇಕು, ಯಾರು ಚಾಪೆಯಲ್ಲಿ ಎಂದು ಗಲಾಟೆಯಾಗಿ ದೋಣಿಗಲ್ಲಿನ ಗ್ಯಾರೇಜಿನವನು ತನ್ನ ಹಕ್ಕಿಗಳನ್ನು ಚೀಲಕ್ಕೆ ತುಂಬಿಕೊಂಡ. ಬೇಡಿಕೊಂಡು ಮತ್ತೆ ಬಿಚ್ಚಿಸಿದೆವು. ಹೋಂಸ್ಟೇಗೆ ಬಂದವರಿಗೆ ದಾರಿ ಸಿಗಲಿಲ್ಲ. ಕೊನೆಗೆ ರೈಟರ್ ಮಂಜಣ್ಣನ ಅಂಗಳದಲ್ಲಿ ನಮ್ಮ ಹೊಸ ನಾಟಕ ಶುರುವಾಯಿತು. ನಾನು ಆಡುತ್ತಿರಲಿಲ್ಲ, ಹಿಂದೆ ನಿಂತು ನೋಡುತ್ತಿದ್ದೆ.

ಬೇಲಿಯ ಆಚೆ ಲೈನಿನ ಹೆಂಗಸರು ನಿಂತಿದ್ದರು. ಒಳಗೆ ಕರೆದೆ. ಒಬ್ಬೊಬ್ಬರೇ ಬಂದರು. ಅವರಲ್ಲಿ ಲಕ್ಷ್ಮಮ್ಮ ಸಾವಿತ್ರಕ್ಕನ ತೋಟದಲ್ಲೇ ವರ್ಷಗಟ್ಟಲೆ ಕಾಫಿ ಬಿಡಿಸಿದವಳು.

"ಸ್ಟೋರ್‌ನಲ್ಲಿ ಮಾಡ್ತಿದ್ದಾಗ ನೀವ್ಯಾರೂ ಬರ್ಲೇ ಇಲ್ವಲ್ಲ ಲಕ್ಷ್ಮಮ್ಮ?" ಎಂದು ಪಿಸುಗುಟ್ಟಿದೆ.

"ಸ್ಟೋರ್ ಒಳಕ್ಕೆ ಮೂಟೆ ಹೊತ್ಕಂಡೇ ಹೋಗಿ ಅಭ್ಯಾಸ ಕಣವ್ವ. ಬರೀ ಕೈಯಾಗೆ ಹೆಂಗ್ ಬರಾದು?" ಎಂದಳು. ಆಮೇಲೆ, "ಮುಂದಿನ್ ಸಲ ನಮ್ ಲೈನ್ ಮುಂದೆ ಮಾಡ್ರವ್ವ" ಎಂದಳು.

ಅದಕ್ಕೆ ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ, ಮುಂದಿನ ಸಾಲಿನ ಚಾಪೆಯಲ್ಲಿ ಕೂತಿದ್ದ ಸಾವಿತ್ರಕ್ಕ ತಿರುಗಿ ಕಣ್ಣು ಕೆಕ್ಕರಿಸಿದರು.

"ಶ್! ಬಾಯ್ ಮುಚ್ಕಂಡ್ ಕೂತ್ಕಳ್ರೇ. ನನ್ಗೆ ಕೇಳಿಸ್ತಿಲ್ಲ."